ಗೇಮಿಂಗ್ ಪಿಸಿಯೋ, ಕನ್ಸೋಲೋ? ದುಡ್ಡು ಕೊಡುವ ಮೊದಲು ಕೂತು ಹಾಕಬೇಕಾದ ಲೆಕ್ಕ

"ಅರವತ್ತು ಸಾವಿರ ಇದೆ. ಗೇಮಿಂಗ್ ಪಿಸಿ ಅಸೆಂಬಲ್ ಮಾಡಿಸಲಾ, ಪಿಎಸ್5 ತಗೊಳ್ಳಲಾ?"

ಈ ಪ್ರಶ್ನೆ ನನಗೆ ಬಂದಷ್ಟು ಸಲ ಬೇರೆ ಯಾವುದೂ ಬಂದಿಲ್ಲ. ಕೇಳುವವರಲ್ಲಿ ಪಿಯುಸಿ ಮುಗಿಸಿದ ಹುಡುಗರಿದ್ದಾರೆ, ಮೊದಲ ವರ್ಷದ ಸಂಬಳದಲ್ಲಿ ಉಳಿಸಿಕೊಂಡವರಿದ್ದಾರೆ, ಮಕ್ಕಳ ಹಟಕ್ಕೆ ಮಣಿದ ಅಪ್ಪ ಅಮ್ಮಂದಿರಿದ್ದಾರೆ. ಒಬ್ಬೊಬ್ಬರಿಗೂ ಬಿಡಿಬಿಡಿಯಾಗಿ ಉತ್ತರಿಸುವ ಬದಲು ಎಲ್ಲವನ್ನೂ ಇಲ್ಲಿ ಬರೆದಿಡುತ್ತಿದ್ದೇನೆ. ಯಾವ ಯಂತ್ರ ಶಕ್ತಿಶಾಲಿ ಅನ್ನುವಲ್ಲಿಂದ ಹೊರಟವರು ತಮಗೆ ಹೊಂದದ ವಸ್ತುವನ್ನು ಮನೆಗೆ ತಂದದ್ದನ್ನು ಬಹಳ ನೋಡಿದ್ದೇನೆ. ನೀವು ಆಡುವ ಆಟ, ಆಡುವ ಜಾಗ, ಮನೆಯ ಕರೆಂಟು, ಇವುಗಳಿಂದ ಹೊರಡಿ. ಯಂತ್ರ ಕೊನೆಗೆ ಬರಲಿ.

ಕನ್ಸೋಲ್ ಅಂದರೆ ಟಿವಿಗೆ ಜೋಡಿಸುವ, ಆಟಕ್ಕೆಂದೇ ಮಾಡಿದ ಪೆಟ್ಟಿಗೆ. ಸೋನಿಯ ಪಿಎಸ್5, ಮೈಕ್ರೋಸಾಫ್ಟಿನ ಎಕ್ಸ್‌ಬಾಕ್ಸ್ ಸೀರೀಸ್ ಎಸ್ ಮತ್ತು ಸೀರೀಸ್ ಎಕ್ಸ್ ಈ ಜಾತಿಯವು. ಗೇಮಿಂಗ್ ಪಿಸಿ ಅಂದರೆ ಗ್ರಾಫಿಕ್ಸ್ ಕಾರ್ಡ್ ಇರುವ ಕಂಪ್ಯೂಟರ್. ಆಟದ ಚಿತ್ರಗಳನ್ನು ಬಿಡಿಸಲು ಬೇರೆಯದೇ ಚಿಪ್ ಇರುವ ಹಲಗೆಗೆ ಗ್ರಾಫಿಕ್ಸ್ ಕಾರ್ಡ್ ಎನ್ನುತ್ತಾರೆ.

ಮೊದಲು ಇವಿಷ್ಟನ್ನು ಕೈಯಲ್ಲಿಟ್ಟುಕೊಳ್ಳಿ

ಒಂದು ಹಾಳೆ, ಪೆನ್ನು. ಮನೆಯ ಟಿವಿಯ ಮಾದರಿ ಸಂಖ್ಯೆ (ಹಿಂಭಾಗದ ಸ್ಟಿಕ್ಕರಿನಲ್ಲಿರುತ್ತದೆ). ಕಳೆದ ಮೂರು ತಿಂಗಳ ಕರೆಂಟ್ ಬಿಲ್. ಇಂಟರ್ನೆಟ್ ಪ್ಲ್ಯಾನಿನ ವೇಗ ಮತ್ತು ಮಿತಿ.

ಹಂತ 1: ಆಡಬೇಕಾದ ಐದು ಆಟಗಳ ಹೆಸರು ಬರೆಯಿರಿ

"ಎಲ್ಲಾ ಆಟ" ಅಂತ ಬರೆಯಬೇಡಿ. ಮುಂದಿನ ಒಂದು ವರ್ಷದಲ್ಲಿ ನಿಜಕ್ಕೂ ಆಡುವ ಐದು ಸಾಕು. ಅರ್ಧ ಜನರಿಗೆ ಉತ್ತರ ಈ ಹಂತದಲ್ಲೇ ಸಿಕ್ಕಿಬಿಡುತ್ತದೆ.

ಕೌಂಟರ್ ಸ್ಟ್ರೈಕ್ 2, ಡೋಟಾ 2 ಪಿಸಿಯಲ್ಲಿ ಮಾತ್ರ ಇವೆ. ಪಟ್ಟಿಯ ಮೊದಲ ಹೆಸರು ಇವುಗಳಲ್ಲೊಂದಾಗಿದ್ದರೆ ಕನ್ಸೋಲ್ ಮಾತು ಅಲ್ಲಿಗೆ ಮುಗಿಯಿತು. ವ್ಯಾಲೊರಂಟ್ ವಿಷಯದಲ್ಲಿ ಜನ ಎಡವುತ್ತಾರೆ. ಅದು 2020ರಲ್ಲಿ ಪಿಸಿಗೆ ಬಂತು, 2024ರಲ್ಲಿ ಪಿಎಸ್5 ಮತ್ತು ಎಕ್ಸ್‌ಬಾಕ್ಸ್ ಸೀರೀಸ್‌ಗೂ ಬಂತು. ಆದರೆ ಪಿಸಿಯವರೂ ಕನ್ಸೋಲಿನವರೂ ಒಂದೇ ಪಂದ್ಯದಲ್ಲಿ ಸೇರುವಂತಿಲ್ಲ. ಗೆಳೆಯರೆಲ್ಲ ಪಿಸಿಯಲ್ಲಿದ್ದು ನೀವೊಬ್ಬರೇ ಪಿಎಸ್5 ತಂದರೆ ಒಂಟಿಯಾಗುತ್ತೀರಿ. ಇನ್ನೊಂದು ಕಡೆ, ವ್ಯಾಲೊರಂಟ್ ಒಂದೇ ಸಾಕು ಅನ್ನುವವರಿಗೆ ದುಬಾರಿ ಪಿಸಿಯೂ ಬೇಕಿಲ್ಲ. ಪ್ರೊಸೆಸರಿನೊಳಗೇ (ಕಂಪ್ಯೂಟರಿನ ಮುಖ್ಯ ಚಿಪ್ ಅದು) ಗ್ರಾಫಿಕ್ಸ್ ಇರುವ ರೈಜೆನ್ 5 5600ಜಿ ತರಹದ ಚಿಪ್‌ನಲ್ಲೂ ಅದು ಚೆನ್ನಾಗಿ ಓಡುತ್ತದೆ.

ದೊಡ್ಡ ಕಥೆಯ ಆಟಗಳು ಮೊದಲು ಕನ್ಸೋಲಿಗೆ ಬಂದು ಆಮೇಲೆ ಪಿಸಿಗೆ ಬರುವುದುಂಟು. ಜಿಟಿಎ 5 ಕನ್ಸೋಲಿಗೆ ಬಂದದ್ದು 2013ರ ಸೆಪ್ಟೆಂಬರಿನಲ್ಲಿ, ಪಿಸಿಗೆ 2015ರ ಏಪ್ರಿಲಿನಲ್ಲಿ. ರೆಡ್ ಡೆಡ್ ರಿಡೆಂಪ್ಷನ್ 2 ಪಿಸಿಗೆ ಬರಲು ಒಂದು ವರ್ಷ ಹಿಡಿಯಿತು. ಜಿಟಿಎ 6 ಘೋಷಣೆಯಾದದ್ದು ಪಿಎಸ್5 ಮತ್ತು ಎಕ್ಸ್‌ಬಾಕ್ಸ್ ಸೀರೀಸ್‌ಗೆ ಮಾತ್ರ. ಬಿಡುಗಡೆಯ ದಿನವೇ ಆಡಬೇಕೆಂಬ ಆಸೆ ನಿಮ್ಮದಾಗಿದ್ದರೆ ಪಿಸಿ ನಿಮ್ಮನ್ನು ಕಾಯಿಸುತ್ತದೆ. ಸೋನಿಯ ಆಟಗಳೂ ಹೀಗೇ. 2022ರಲ್ಲಿ ಪಿಎಸ್‌ಗೆ ಬಂದ ಗಾಡ್ ಆಫ್ ವಾರ್ ರ‍್ಯಾಗ್ನರಾಕ್ ಪಿಸಿಗೆ ಬಂದದ್ದು 2024ರಲ್ಲಿ. ಮೈಕ್ರೋಸಾಫ್ಟಿನ ಆಟಗಳಾದರೆ ಎಕ್ಸ್‌ಬಾಕ್ಸಿಗೂ ಪಿಸಿಗೂ ಒಂದೇ ದಿನ ಬರುತ್ತವೆ. ಹಾಗಾಗಿ ಪಿಸಿ ಇರುವವರಿಗೆ ಎಕ್ಸ್‌ಬಾಕ್ಸ್ ಕೊಳ್ಳಿ ಅಂತ ನಾನು ಹೇಳುವುದು ಕಡಿಮೆ.

ಫುಟ್ಬಾಲ್, ಕ್ರಿಕೆಟ್, ಕಾರ್ ರೇಸ್ ಎರಡರಲ್ಲೂ ಸಿಗುತ್ತವೆ. ಬಿಜಿಎಂಐ ಮೊಬೈಲಿನ ಆಟ, ಅದನ್ನು ಪಟ್ಟಿಯಿಂದ ತೆಗೆಯಿರಿ.

ಹಂತ 2: ಎಲ್ಲಿ ಕೂತು, ಯಾರ ಜೊತೆ ಆಡುತ್ತೀರಿ?

ಕನ್ಸೋಲ್ ಹಾಲಿನ ವಸ್ತು. ಅಣ್ಣ ತಮ್ಮಂದಿರು, ಅಕ್ಕಂದಿರು ಒಟ್ಟಿಗೆ ಕೂತು ಎರಡು ಕಂಟ್ರೋಲರ್ ಹಿಡಿದು ಆಡುವ ಸುಖ ಪಿಸಿಯಲ್ಲಿ ಅಷ್ಟು ಸಲೀಸಾಗಿ ಸಿಗುವುದಿಲ್ಲ. ಆದರೆ ಸಂಜೆ ಏಳರಿಂದ ಹತ್ತರವರೆಗೆ ಆ ಟಿವಿ ಯಾರ ಕೈಯಲ್ಲಿರುತ್ತದೆ ಎಂದು ಯೋಚಿಸಿ. ಮನೆಯಲ್ಲಿ ಒಂದೇ ಟಿವಿ, ಧಾರಾವಾಹಿ ನೋಡುವ ಅಜ್ಜಿ, ಸುದ್ದಿ ನೋಡುವ ಅಪ್ಪ ಇದ್ದರೆ ನಿಮಗೆ ಉಳಿಯುವುದು ರಾತ್ರಿ ಹತ್ತರ ಮೇಲಿನ ಹೊತ್ತು. ಹಾಗಿದ್ದಲ್ಲಿ ಕನ್ಸೋಲಿನ ಜೊತೆ ಒಂದು ಮಾನಿಟರಿನ ಬೆಲೆಯನ್ನೂ ಈಗಲೇ ಸೇರಿಸಿಕೊಳ್ಳಿ.

ಪಿಸಿಗೆ ಮೇಜು, ಕುರ್ಚಿ, ಒಂದು ಮೂಲೆ ಬೇಕು. ಹಾಸ್ಟೆಲಿನಲ್ಲೋ ಪಿಜಿಯಲ್ಲೋ ಇರುವವರು ವರ್ಷಕ್ಕೊಮ್ಮೆ ಕೋಣೆ ಬದಲಿಸುವಾಗ ಕ್ಯಾಬಿನೆಟ್ (ಪಿಸಿಯ ಪಾರ್ಟುಗಳಿರುವ ಡಬ್ಬ) ಹೊತ್ತು ಬಸ್ ಹತ್ತುವುದು ಎಷ್ಟು ಕಷ್ಟ ಅನ್ನುವುದನ್ನೂ ನೆನೆಯಿರಿ.

ಹಂತ 3: ಆಟ ಬಿಟ್ಟು ಬೇರೆ ಕೆಲಸಕ್ಕೂ ಕಂಪ್ಯೂಟರ್ ಬೇಕೇ?

ಇದಕ್ಕೆ "ಹೌದು" ಎಂಬ ಉತ್ತರ ಬಂದರೆ ಉಳಿದ ಹಂತಗಳ ತೂಕ ತಾನಾಗಿಯೇ ಕಡಿಮೆಯಾಗುತ್ತದೆ. ಎಂಜಿನಿಯರಿಂಗ್ ಓದುವವರು, ಕೋಡಿಂಗ್ ಕಲಿಯುವವರು, ವಿಡಿಯೊ ಎಡಿಟ್ ಮಾಡುವವರು, ಆಟೊಕ್ಯಾಡ್ ಬಳಸುವವರು ಹೇಗಿದ್ದರೂ ಒಂದು ಕಂಪ್ಯೂಟರ್ ಕೊಳ್ಳುತ್ತಾರೆ. ಅದಕ್ಕೇ ಗ್ರಾಫಿಕ್ಸ್ ಕಾರ್ಡ್ ಸೇರಿಸುವುದು ಜಾಣತನ. ಮನೆಯಲ್ಲಿ ಕೆಲಸಕ್ಕೆ ಸಾಕಾಗುವ ಲ್ಯಾಪ್‌ಟಾಪ್ ಆಗಲೇ ಇದ್ದರೆ ತಕ್ಕಡಿ ಕನ್ಸೋಲಿನ ಕಡೆ ವಾಲುತ್ತದೆ.

ಗೇಮಿಂಗ್ ಲ್ಯಾಪ್‌ಟಾಪ್ ಬಗ್ಗೆ ಒಂದು ಎಚ್ಚರಿಕೆ. ಲ್ಯಾಪ್‌ಟಾಪಿನಲ್ಲಿ ಬರುವ ಆರ್‌ಟಿಎಕ್ಸ್ 4060 ಎಂಬ ಗ್ರಾಫಿಕ್ಸ್ ಕಾರ್ಡ್, ಡೆಸ್ಕ್‌ಟಾಪಿನ ಆರ್‌ಟಿಎಕ್ಸ್ 4060 ಎರಡೂ ಒಂದೇ ಅಲ್ಲ. ಲ್ಯಾಪ್‌ಟಾಪ್ ತಯಾರಕರು ಆ ಚಿಪ್‌ಗೆ ಎಷ್ಟು ವ್ಯಾಟ್ ಕರೆಂಟ್ ಕೊಡುತ್ತಾರೆ ಎಂಬುದರ ಮೇಲೆ ವೇಗ ನಿಂತಿದೆ. ಅದನ್ನು ಟಿಜಿಪಿ ಎನ್ನುತ್ತಾರೆ. ಎರಡು ಲ್ಯಾಪ್‌ಟಾಪಿನಲ್ಲಿ ಒಂದೇ ಹೆಸರಿನ ಕಾರ್ಡ್ ಇದ್ದರೆ ಟಿಜಿಪಿ ಕೇಳಿ, ಹೆಚ್ಚಿರುವುದನ್ನು ಆರಿಸಿ. ಊರೂರು ಅಲೆಯುವವರಿಗೆ ಮಾತ್ರ ಲ್ಯಾಪ್‌ಟಾಪ್ ಸರಿ, ಮನೆಯಲ್ಲೇ ಇರುವವರಿಗೆ ಬೇಡ.

ಹಂತ 4: ನಾಲ್ಕು ವರ್ಷದ ಪೂರ್ತಿ ಖರ್ಚು ಹಾಕಿ

ಇಲ್ಲಿ ಸ್ವಲ್ಪ ನಿಧಾನಿಸಿ.

ಪಿಎಸ್5 ಭಾರತಕ್ಕೆ ಬಂದದ್ದು 2021ರ ಫೆಬ್ರವರಿಯಲ್ಲಿ. ಡಿಸ್ಕ್ ಮಾದರಿಗೆ 49,990 ರೂಪಾಯಿ, ಡಿಸ್ಕ್ ಇಲ್ಲದ ಡಿಜಿಟಲ್ ಮಾದರಿಗೆ 39,990. ಮುಂದೆ ಅವು 54,990 ಮತ್ತು 44,990 ಆದವು. ಹಳತಾದಂತೆ ಕನ್ಸೋಲ್ ಅಗ್ಗವಾಗುತ್ತದೆ ಎಂಬ ಹಿಂದಿನ ನಂಬಿಕೆ ಈ ತಲೆಮಾರಿಗೆ ಹೊಂದುವುದಿಲ್ಲ. ಹಬ್ಬದ ರಿಯಾಯಿತಿ ಬಂದಾಗ ಹಿಡಿಯಿರಿ, ಬೆಲೆ ಇಳಿಯಲಿ ಅಂತ ವರ್ಷಗಟ್ಟಲೆ ಕಾಯಬೇಡಿ.

ಪಿಸಿಯ ಕಡೆ, 2025ರ ಕೊನೆಯ ತಿಂಗಳುಗಳಲ್ಲಿ ರಾಮ್ (ಕಂಪ್ಯೂಟರ್ ಕೆಲಸದ ಹೊತ್ತಿನಲ್ಲಿ ಬಳಸುವ ಮೆಮೊರಿ) ಬೆಲೆ ವಿಪರೀತ ಏರಿತು. ಎಐ ಡೇಟಾ ಸೆಂಟರುಗಳು ಮೆಮೊರಿ ಚಿಪ್‌ಗಳನ್ನು ಬಾಚಿಕೊಂಡದ್ದೇ ಕಾರಣ. ಅದಕ್ಕಿಂತ ಹಿಂದೆ ಮಾಡಿದ "ಐವತ್ತು ಸಾವಿರದ ಪಿಸಿ" ವಿಡಿಯೊಗಳನ್ನು ನೋಡಿ ಬಜೆಟ್ ಹಾಕಬೇಡಿ. ಇವತ್ತಿನ ಬೆಲೆಯನ್ನೇ ಕೇಳಿ.

ಹಾಳೆಯಲ್ಲಿ ಎರಡು ಸಾಲು ಮಾಡಿ. ಪಿಸಿಯ ಸಾಲಿನಲ್ಲಿ ಕ್ಯಾಬಿನೆಟ್ ಮತ್ತು ಒಳಗಿನದ್ದಷ್ಟೇ ಬರೆದು ನಿಲ್ಲಿಸಬೇಡಿ. ಮಾನಿಟರ್, ಕೀಬೋರ್ಡ್, ಮೌಸ್, ಹೆಡ್‌ಸೆಟ್, ಯುಪಿಎಸ್, ಅಸಲಿ ವಿಂಡೋಸ್ ಎಲ್ಲವೂ ಸೇರಬೇಕು. ಜನ ಮರೆಯುವುದು ಇವನ್ನೇ. ಕನ್ಸೋಲಿನ ಸಾಲಿನಲ್ಲಿ ಎರಡನೇ ಕಂಟ್ರೋಲರ್ ಮತ್ತು ಆನ್‌ಲೈನ್ ಚಂದಾ ಬರೆಯಿರಿ. ಪಿಎಸ್5ನಲ್ಲಿ ದುಡ್ಡು ಕೊಟ್ಟು ಕೊಂಡ ಆಟವನ್ನು ಬೇರೆಯವರ ಜೊತೆ ಆನ್‌ಲೈನ್ ಆಡಲು ಪಿಎಸ್ ಪ್ಲಸ್ ಎಂಬ ಚಂದಾ ಕಟ್ಟಬೇಕು. ಫೋರ್ಟ್‌ನೈಟ್‌ನಂಥ ಉಚಿತ ಆಟಗಳಿಗೆ ಬೇಕಿಲ್ಲ. ಪಿಸಿಯಲ್ಲಿ ಇಂಥ ಚಂದಾ ಇಲ್ಲ.

ಇನ್ನು ಆಟಗಳ ಖರ್ಚು. ಕನ್ಸೋಲಿನ ಹೊಸ ದೊಡ್ಡ ಆಟಕ್ಕೆ ನಾಲ್ಕರಿಂದ ಐದು ಸಾವಿರ ಇಟ್ಟುಕೊಳ್ಳಿ. ವರ್ಷಕ್ಕೆ ನಾಲ್ಕು ಕೊಂಡರೆ ಒಂದಕ್ಕೆ 4,500ರಂತೆ 18,000. ನಾಲ್ಕು ವರ್ಷಕ್ಕೆ 72,000. ಯಂತ್ರಕ್ಕಿಂತ ಆಟಗಳೇ ದುಬಾರಿಯಾದವು! ಡಿಸ್ಕ್ ಕೊಂಡವರು ಆಡಿ ಮುಗಿಸಿ ಅರ್ಧ ಬೆಲೆಗೆ ಮಾರಿದರೂ 36,000 ವಾಪಸ್ ಬರುತ್ತದೆ. ಗೆಳೆಯರ ಜೊತೆ ಅದಲು ಬದಲು ಮಾಡಿಕೊಂಡರೆ ಇನ್ನೂ ಉಳಿಯುತ್ತದೆ. ಹತ್ತು ಸಾವಿರ ಉಳಿಯಿತು ಅಂತ ಡಿಜಿಟಲ್ ಮಾದರಿ ತಂದವರಿಗೆ ಈ ದಾರಿ ಮುಚ್ಚಿರುತ್ತದೆ. ಎಕ್ಸ್‌ಬಾಕ್ಸ್ ಸೀರೀಸ್ ಎಸ್‌ಗೂ ಡಿಸ್ಕ್ ಹಾಕಲು ಬರುವುದಿಲ್ಲ. ಪಿಎಸ್5 ಸ್ಲಿಮ್ ಡಿಜಿಟಲ್‌ಗಾದರೆ ಡಿಸ್ಕ್ ಡ್ರೈವ್ ಆಮೇಲೆ ಬೇರೆಯಾಗಿ ಕೊಂಡು ಸೇರಿಸಬಹುದು.

ಪಿಸಿಯಲ್ಲಿ ಆಟ ಮಾರಲು ಆಗುವುದಿಲ್ಲ, ಆದರೆ ಬೆಲೆ ಬೇಗ ಇಳಿಯುತ್ತದೆ. ಸ್ಟೀಮ್ ಎಂಬ ಆನ್‌ಲೈನ್ ಅಂಗಡಿಯಲ್ಲಿ ಬೇಸಿಗೆ ಮತ್ತು ಚಳಿಗಾಲದ ಸೇಲ್ ಇರುತ್ತವೆ. ಎರಡು ಮೂರು ವರ್ಷ ಹಳೆಯ ಆಟಗಳು ಅರ್ಧಕ್ಕಿಂತ ಕಡಿಮೆಗೆ ಸಿಗುತ್ತವೆ. ಎಪಿಕ್ ಅಂಗಡಿ ಪದೇ ಪದೇ ಉಚಿತ ಆಟ ಕೊಡುತ್ತದೆ. ಸ್ಟೀಮಿನಲ್ಲಿ ಕೊಂಡ ಆಟ ಹಿಡಿಸದಿದ್ದರೆ, 14 ದಿನದೊಳಗೆ, ಎರಡು ಗಂಟೆಗಿಂತ ಕಡಿಮೆ ಆಡಿದ್ದರೆ ದುಡ್ಡು ವಾಪಸ್. ಪ್ಲೇಸ್ಟೇಷನ್ ಅಂಗಡಿಯಲ್ಲಿ ಡೌನ್‌ಲೋಡ್ ಶುರು ಮಾಡಿದರೆ ಆ ಹಕ್ಕು ಹೋಯಿತು.

"ಪಿಸಿಯಲ್ಲಿ ಕ್ರ್ಯಾಕ್ ಮಾಡಿದ ಆಟ ಹಾಕಿಕೊಂಡರೆ ಖರ್ಚೇ ಇಲ್ಲವಲ್ಲ" ಅನ್ನುವವರಿಗೆ: ಆ ಫೈಲುಗಳ ಜೊತೆ ಬರುವ ವೈರಸ್ ನಿಮ್ಮ ಬ್ರೌಸರಿನ ಪಾಸ್‌ವರ್ಡುಗಳನ್ನು ಕದಿಯಬಲ್ಲದು. ಅದೇ ಕಂಪ್ಯೂಟರಿನಲ್ಲಿ ಅಪ್ಪ ನೆಟ್ ಬ್ಯಾಂಕಿಂಗ್ ಮಾಡುತ್ತಾರೆ. ದಯವಿಟ್ಟು ಬೇಡ.

ಹಂತ 5: ಕರೆಂಟ್ ನೋಡಿ

ಆಟದ ಹೊತ್ತಿನಲ್ಲಿ ಪಿಎಸ್5 ಎಳೆಯುವುದು ಸುಮಾರು 200 ವ್ಯಾಟ್, ಅದರ ಮೇಲೆ ಟಿವಿಯದ್ದು ಬೇರೆ. ಮಧ್ಯಮ ದರ್ಜೆಯ ಪಿಸಿ ಮಾನಿಟರ್ ಸೇರಿ 250ರಿಂದ 350 ವ್ಯಾಟ್. ದಿನಕ್ಕೆ ಮೂರು ಗಂಟೆ ಆಡಿದರೆ ತಿಂಗಳಿಗೆ ಎರಡರಲ್ಲೂ ಹೆಚ್ಚು ಕಡಿಮೆ 25ರಿಂದ 30 ಯೂನಿಟ್. ಗೃಹಜ್ಯೋತಿಯಲ್ಲಿರುವ ಮನೆಗಳು ಇದನ್ನು ಗಮನಿಸಬೇಕು. ನಿಮಗೆ ಉಚಿತವಾಗಿ ಸಿಗುವುದು 2022-23ರ ನಿಮ್ಮ ಮನೆಯ ಸರಾಸರಿ ಬಳಕೆ ಮತ್ತು ಅದರ ಮೇಲೆ ಸ್ವಲ್ಪ. ಅದನ್ನು ದಾಟಿದ ಯೂನಿಟ್ಟಿಗೆ ದುಡ್ಡು ಕಟ್ಟಬೇಕು. 180ರ ಆಸುಪಾಸಿನಲ್ಲಿರುವ ಮನೆ ಈ 30 ಯೂನಿಟ್ಟಿನಿಂದ 200 ದಾಟಿದರೆ ಪೂರ್ತಿ ಬಿಲ್ ಕಟ್ಟಬೇಕಾಗುತ್ತದೆ.

ಕರೆಂಟ್ ಪದೇ ಪದೇ ಹೋಗುವ ಊರಿನಲ್ಲಿ ಪಿಸಿಗೆ ಯುಪಿಎಸ್ ಇರಲೇಬೇಕು. ಸಾಮಾನ್ಯ 600 ವಿಎ ಯುಪಿಎಸ್ ಸುಮಾರು 360 ವ್ಯಾಟ್ ಹೊರುತ್ತದೆ, ಅದೂ ಕೆಲವೇ ನಿಮಿಷ. ಆಟ ಸೇವ್ ಮಾಡಿ ಸರಿಯಾಗಿ ಆಫ್ ಮಾಡಲು ಅಷ್ಟು ಸಾಕು. ಮನೆಯ ಇನ್ವರ್ಟರಿಗೆ ಜೋಡಿಸುವುದಾದರೆ ಅದು ಸೈನ್ ವೇವ್ (ಗೋಡೆಯ ಕರೆಂಟಿನಂತೆಯೇ ನಯವಾದ ಅಲೆಯ ಕರೆಂಟ್ ಕೊಡುವಂಥದ್ದು) ಆಗಿರಲಿ. ಬಹಳ ಇನ್ವರ್ಟರುಗಳ ಹಿಂದೆ ಯುಪಿಎಸ್ ಮೋಡ್ ಅಂತ ಒಂದು ಸ್ವಿಚ್ ಇರುತ್ತದೆ. ಅದನ್ನು ಹಾಕದಿದ್ದರೆ ಕರೆಂಟ್ ಹೋದ ಕ್ಷಣದಲ್ಲಿ ಬದಲಾವಣೆ ನಿಧಾನವಾಗಿ ಪಿಸಿ ರೀಸ್ಟಾರ್ಟ್ ಆಗುತ್ತದೆ.

ಅರ್ಥಿಂಗ್ ಇಲ್ಲದ ಹಳೆ ಮನೆಗಳಲ್ಲಿ ಕ್ಯಾಬಿನೆಟ್ ಮುಟ್ಟಿದರೆ ಜುಮ್ ಎನ್ನುತ್ತದೆ. ಅದನ್ನು ಸಹಿಸಿಕೊಳ್ಳಬೇಡಿ. ಎಲೆಕ್ಟ್ರಿಷಿಯನ್ ಕರೆಸಿ ಸರಿ ಮಾಡಿಸಿದ ಮೇಲೆಯೇ ಯಂತ್ರ ತನ್ನಿ.

ಮಲೆನಾಡು, ಕರಾವಳಿಯವರಿಗೆ ಸಿಡಿಲಿನ ಮಾತನ್ನು ಒತ್ತಿ ಹೇಳಬೇಕು. ಮುಂಗಾರು ಪೂರ್ವದ ಗುಡುಗು ಶುರುವಾದರೆ ಪ್ಲಗ್ ಕಿತ್ತರೆ ಸಾಲದು. ರೌಟರಿನಿಂದ ಬರುವ ಲ್ಯಾನ್ ಕೇಬಲ್ ಮತ್ತು ಡಿಶ್ಶಿನಿಂದ ಟಿವಿಗೆ ಬರುವ ಕೇಬಲನ್ನೂ ಕಳಚಿ. ಡಿಶ್ ಕೇಬಲಿನಲ್ಲಿ ಬಂದ ಹೊಡೆತ ಟಿವಿ ಹೊಕ್ಕು, ಎಚ್‌ಡಿಎಂಐ ತಂತಿಯ ಮೂಲಕ ಕನ್ಸೋಲನ್ನೂ ಸುಡಬಲ್ಲದು.

ಹಂತ 6: ಇಂಟರ್ನೆಟ್

ಈಗಿನ ದೊಡ್ಡ ಆಟಗಳು 100 ಜಿಬಿ ದಾಟುತ್ತವೆ. 30 ಎಂಬಿಪಿಎಸ್ ಫೈಬರಿನಲ್ಲಿ 100 ಜಿಬಿ ಇಳಿಯಲು ಏಳೂವರೆ ಗಂಟೆ ಬೇಕು. ದಿನಕ್ಕೆ 2 ಜಿಬಿ ಮೊಬೈಲ್ ಡೇಟಾದಲ್ಲಾದರೆ 50 ದಿನ. ಫೈಬರ್ ಬಾರದ ಹಳ್ಳಿಯಲ್ಲಿದ್ದರೆ ಡಿಸ್ಕ್ ಇರುವ ಕನ್ಸೋಲೇ ವಾಸಿ. ಡಿಸ್ಕ್ ಹಾಕಿದರೂ ಅಪ್‌ಡೇಟ್ ಇಳಿಸಬೇಕಾಗುತ್ತದೆ, ಆದರೂ ಹೊರೆ ಕಡಿಮೆ.

ಹಂತ 7: ಈಗ ನಿರ್ಧಾರ

ನನ್ನ ಅಭಿಪ್ರಾಯ ನೇರವಾಗಿ ಹೇಳುತ್ತೇನೆ. ಕೈಯಲ್ಲಿ 55ರಿಂದ 60 ಸಾವಿರ, ಮನೆಯಲ್ಲಿ ಒಳ್ಳೆಯ ಟಿವಿ, ಕೆಲಸಕ್ಕೆ ಲ್ಯಾಪ್‌ಟಾಪ್, ಆಡುವುದು ಕಥೆಯ ಆಟ ಅಥವಾ ಫುಟ್ಬಾಲ್: ಡಿಸ್ಕ್ ಇರುವ ಪಿಎಸ್5 ತನ್ನಿ. ಅದೇ ದುಡ್ಡಿನ ಪಿಸಿ ಆ ಮಟ್ಟದ ಚಿತ್ರ ತೋರಿಸುವುದಿಲ್ಲ. ಓದಿಗೆ ಕಂಪ್ಯೂಟರ್ ಬೇಕು, ಗೆಳೆಯರೆಲ್ಲ ಪಿಸಿಯಲ್ಲಿದ್ದಾರೆ ಎಂದಾದರೆ ಪಿಸಿ. ದುಡ್ಡು ಸಾಲದಿದ್ದರೆ ಒಳಗೇ ಗ್ರಾಫಿಕ್ಸ್ ಇರುವ ಪ್ರೊಸೆಸರ್ ಹಾಕಿಸಿ, ಕಾರ್ಡನ್ನು ಮುಂದಿನ ವರ್ಷ ಸೇರಿಸಿ. ಕನ್ಸೋಲಿನಲ್ಲಿ ಹೀಗೆ ಕಂತು ಕಂತಾಗಿ ಬೆಳೆಸಲು ಬರುವುದಿಲ್ಲ. 25 ಸಾವಿರಕ್ಕಿಂತ ಕಡಿಮೆ ಇದ್ದರೆ ಸದ್ಯಕ್ಕೆ ಎರಡೂ ಬೇಡ, ಕೂಡಿಡಿ.

ಹಂತ 8: ಪಿಸಿ ಎಂದಾದರೆ

ಮೊದಲನೆಯದಾಗಿ, "ಐ7, 16 ಜಿಬಿ ರಾಮ್, 4 ಜಿಬಿ ಗ್ರಾಫಿಕ್ಸ್, ಬರೀ 18 ಸಾವಿರ" ಎಂಬ ಜಾಹೀರಾತಿಗೆ ಮರುಳಾಗಬೇಡಿ. ಅಂಥವುಗಳಲ್ಲಿ ಇರುವುದು ಸಾಮಾನ್ಯವಾಗಿ ಐ7-2600ರಂಥ 2011ರ ಪ್ರೊಸೆಸರ್, ಜಿಟಿ 730 ಎಂಬ 2014ರ ದುರ್ಬಲ ಕಾರ್ಡ್. ವಿಂಡೋಸ್ 11ಕ್ಕೆ ಇಂಟೆಲ್‌ನ 8ನೇ ತಲೆಮಾರಾದರೂ ಬೇಕು. ವಿಂಡೋಸ್ 10ರ ಬೆಂಬಲ 2025ರ ಅಕ್ಟೋಬರಿನಲ್ಲೇ ಮುಗಿಯಿತು. ಪಿಯುಸಿ ಹುಡುಗರು ಹೆಚ್ಚಾಗಿ ಮೋಸ ಹೋಗುವುದು ಇಲ್ಲೇ, ಅದನ್ನು ನೋಡಿದಾಗ ಸಂಕಟವಾಗುತ್ತದೆ. "ಯಾವ ಐ7? ಪೂರ್ತಿ ನಂಬರ್ ಹೇಳಿ" ಎಂದು ಕೇಳಿ.

ಬೆಂಗಳೂರಿನವರು ಪುರಭವನದ ಹತ್ತಿರದ ಎಸ್.ಪಿ. ರೋಡಿಗೆ ಹೋಗಿ ಮೂರು ಅಂಗಡಿಯಲ್ಲಿ ಕೊಟೇಶನ್ ಬರೆಸಿಕೊಳ್ಳಿ. ಪ್ರತಿ ಪಾರ್ಟಿನ ಕಂಪನಿ ಹೆಸರು, ಮಾದರಿ ಸಂಖ್ಯೆ ಇರಬೇಕು. "16 ಜಿಬಿ ರಾಮ್" ಅನ್ನುವುದು ಮಾದರಿ ಸಂಖ್ಯೆ ಆಗುವುದಿಲ್ಲ. ಕ್ಯಾಬಿನೆಟ್ ಮತ್ತು ಒಳಗಿನದ್ದಕ್ಕೆ 60 ಸಾವಿರ ಇದ್ದರೆ 22ರಿಂದ 25 ಸಾವಿರ ಗ್ರಾಫಿಕ್ಸ್ ಕಾರ್ಡಿಗೇ ಹೋಗಲಿ. ಪ್ರೊಸೆಸರಿಗೆ ಜಾಸ್ತಿ ಸುರಿದು ಕಾರ್ಡಿನಲ್ಲಿ ಜಿಪುಣತನ ಮಾಡಿದರೆ ಆಟ ಓಡುವುದಿಲ್ಲ.

ಎಸ್‌ಎಂಪಿಎಸ್ ವಿಷಯದಲ್ಲಿ ಮಾತ್ರ ಒಂದು ರೂಪಾಯಿಯನ್ನೂ ಉಳಿಸಲು ಹೋಗಬೇಡಿ. ಗೋಡೆಯ ಕರೆಂಟನ್ನು ಪಾರ್ಟುಗಳಿಗೆ ಹಂಚುವ ಪೆಟ್ಟಿಗೆ ಅದು. ಕ್ಯಾಬಿನೆಟ್ ಜೊತೆ ಪುಕ್ಕಟೆ ಬರುವ ಲೋಕಲ್ ಎಸ್‌ಎಂಪಿಎಸ್ ಸುಟ್ಟರೆ ಒಂದೇ ಸಲಕ್ಕೆ ಮದರ್‌ಬೋರ್ಡನ್ನೂ (ಪಾರ್ಟುಗಳನ್ನೆಲ್ಲ ಜೋಡಿಸುವ ಮುಖ್ಯ ಹಲಗೆ) ಕಾರ್ಡನ್ನೂ ಎಳೆದುಕೊಂಡು ಹೋಗಬಹುದು. ಹೆಸರುಳ್ಳ ಕಂಪನಿಯ, 80 ಪ್ಲಸ್ (ಕರೆಂಟ್ ಹೆಚ್ಚು ಪೋಲು ಮಾಡುವುದಿಲ್ಲ ಎಂಬ) ಗುರುತಿರುವ, ಐದು ವರ್ಷ ವಾರಂಟಿಯ 550 ವ್ಯಾಟಿನದ್ದು ತಗೊಳ್ಳಿ. ರಾಮ್ ಒಂದೇ 16 ಜಿಬಿಯ ಬದಲು 8 ಜಿಬಿಯ ಎರಡು ಕಡ್ಡಿ ಹಾಕಿಸಿ, ವೇಗ ಹೆಚ್ಚುತ್ತದೆ. ಇಂಟೆಲ್ ಪ್ರೊಸೆಸರ್ ಹೆಸರಿನ ಕೊನೆಗೆ ಎಫ್ ಇದ್ದರೆ ಅದರೊಳಗೆ ಗ್ರಾಫಿಕ್ಸ್ ಇಲ್ಲ ಎಂದರ್ಥ. ಕಾರ್ಡನ್ನು ಆಮೇಲೆ ಹಾಕಿಸುವವರು ಎಫ್ ಕೊಂಡರೆ ಮಾನಿಟರಿನಲ್ಲಿ ಚಿತ್ರವೇ ಬರುವುದಿಲ್ಲ.

"ಬಿಲ್ ಬೇಡ ಅಂದ್ರೆ ಎರಡು ಸಾವಿರ ಕಮ್ಮಿ ಮಾಡ್ತೀನಿ" ಎಂದರೆ ಒಪ್ಪಬೇಡಿ. ಸೀರಿಯಲ್ ನಂಬರ್ ಬರೆದ ಜಿಎಸ್‌ಟಿ ಬಿಲ್ಲೇ ನಿಮ್ಮ ವಾರಂಟಿ. ಬೇರೆ ಊರಿನವರು ಕೊಳ್ಳುವ ಮೊದಲು ಆ ಕಂಪನಿಯ ಸರ್ವಿಸ್ ಸೆಂಟರ್ ಹುಬ್ಬಳ್ಳಿ, ಮೈಸೂರು, ಮಂಗಳೂರಿನಲ್ಲಿ ಇದೆಯೇ ಅಂತ ವಿಚಾರಿಸಿ.

ಹಂತ 9: ಕನ್ಸೋಲ್ ಎಂದಾದರೆ

ಇಲ್ಲಿ ಕೆಲಸ ಕಡಿಮೆ. ಭಾರತದ ವಾರಂಟಿ ಇರುವ ಪೆಟ್ಟಿಗೆಯೇ ಎಂದು ಬಿಲ್ಲಿನಲ್ಲಿ ಖಚಿತ ಮಾಡಿಕೊಳ್ಳಿ. ಅಮೆರಿಕದಲ್ಲೋ ದುಬೈನಲ್ಲೋ ಇರುವ ಅಣ್ಣನ ಕೈಲಿ ತರಿಸುವುದಾದರೆ ಹಿಂಭಾಗದ ಲೇಬಲಿನಲ್ಲಿ 100-240 ವೋಲ್ಟ್ ಅಂತ ಇದೆಯೇ ನೋಡಲು ಹೇಳಿ. ಕೆಟ್ಟರೆ ಇಲ್ಲಿನ ವಾರಂಟಿ ಸಿಗುವುದಿಲ್ಲ ಎಂಬುದನ್ನು ಒಪ್ಪಿಕೊಂಡೇ ತರಿಸಿ. ಅಲ್ಲಿನ ಗಿಫ್ಟ್ ಕಾರ್ಡ್ ಇಲ್ಲಿನ ಖಾತೆಗೆ ಹೊಂದುವುದಿಲ್ಲ.

ಟಿವಿ ಶೋಕೇಸಿನ ಗಾಜಿನ ಬಾಗಿಲ ಹಿಂದೆ ಕನ್ಸೋಲ್ ಇಡಬೇಡಿ, ದೂಳು ಬೀಳದಿರಲೆಂದು ಚಾಲೂ ಇರುವಾಗ ಬಟ್ಟೆ ಹೊದಿಸಬೇಡಿ. ಸುತ್ತಲೂ ಒಂದು ಗೇಣು ಜಾಗ ಇರಲಿ. ಮಕ್ಕಳಿರುವ ಮನೆಯಲ್ಲಿ ಮಗುವಿಗೆ ಬೇರೆ ಖಾತೆ ಮಾಡಿ, ದಿನದ ಅವಧಿ ಮತ್ತು ವಯಸ್ಸಿನ ಮಿತಿ ಹಾಕಿ. ಬ್ಯಾಂಕ್ ಕಾರ್ಡನ್ನು ಅದರಲ್ಲಿ ಉಳಿಸಬೇಡಿ.

ಹಂತ 10: ಮೊದಲ ದಿನ

ಪಿಸಿಯ ಮಾನಿಟರ್ ಕೇಬಲನ್ನು ಗ್ರಾಫಿಕ್ಸ್ ಕಾರ್ಡಿಗೇ ಚುಚ್ಚಿ. ಮದರ್‌ಬೋರ್ಡಿನ ಕಿಂಡಿಗೆ ಚುಚ್ಚಿ "ಕಾರ್ಡ್ ಕೆಲಸ ಮಾಡ್ತಿಲ್ಲ" ಎಂದು ಗಾಬರಿಯಾಗುವವರು ಬಹಳ. 144 ಹರ್ಟ್ಸ್ ಮಾನಿಟರ್ ಅಂದರೆ ಸೆಕೆಂಡಿಗೆ 144 ಸಲ ಚಿತ್ರ ಬದಲಿಸಬಲ್ಲದ್ದು. ಆದರೆ ವಿಂಡೋಸ್ ಅದನ್ನು ಎಷ್ಟೋ ಸಲ 60ರಲ್ಲೇ ಇಟ್ಟಿರುತ್ತದೆ, ಡಿಸ್‌ಪ್ಲೇ ಸೆಟ್ಟಿಂಗಿಗೆ ಹೋಗಿ ನೀವೇ ಬದಲಿಸಬೇಕು. ರಾಮ್ ಪೂರ್ತಿ ವೇಗದಲ್ಲಿ ಓಡಲು ಬಯಾಸ್‌ನಲ್ಲಿ (ವಿಂಡೋಸ್ ಶುರುವಾಗುವ ಮೊದಲಿನ ಮದರ್‌ಬೋರ್ಡಿನ ಸೆಟ್ಟಿಂಗ್ ಪರದೆ) ಎಕ್ಸ್‌ಎಂಪಿ ಅಥವಾ ಎಕ್ಸ್‌ಪೋ ಎಂಬ ಆಯ್ಕೆಯನ್ನು ಆನ್ ಮಾಡಿಸಿ. ಅಂಗಡಿಯಲ್ಲಿರುವಾಗಲೇ ಈ ಮೂರನ್ನೂ ಮಾಡಿಸಿಕೊಳ್ಳುವುದು ಒಳ್ಳೆಯದು.

ಕನ್ಸೋಲಿಗೆ ಟಿವಿಯಲ್ಲಿ ಗೇಮ್ ಮೋಡ್ ಹಾಕಿ. ಇಲ್ಲದಿದ್ದರೆ ಬಟನ್ ಒತ್ತಿದ್ದಕ್ಕೂ ಪರದೆಯಲ್ಲಿ ಆಟಗಾರ ಅಲುಗಾಡುವುದಕ್ಕೂ ನಡುವೆ ತಡವಾಗುತ್ತದೆ. ಡಿಸ್ಕ್ ಹಾಕಿ ತೆಗೆದು ನೋಡಿ, ಎಲ್ಲ ಕಿಂಡಿಗಳನ್ನೂ ಪರೀಕ್ಷಿಸಿ, ಎರಡು ಗಂಟೆ ಬಿಡದೆ ಆಡಿ.

ಆನ್‌ಲೈನಿನಲ್ಲಿ ತರಿಸಿದವರು ಪಾರ್ಸೆಲ್ ಮೇಲಿನ ಲೇಬಲಿನಿಂದ ಹಿಡಿದು ಯಂತ್ರದ ಸೀರಿಯಲ್ ನಂಬರಿನವರೆಗೆ, ನಡುವೆ ನಿಲ್ಲಿಸದೆ ಒಂದೇ ವಿಡಿಯೊ ಮಾಡಿಕೊಳ್ಳಿ. ಬದಲಿ ಕೊಡುವ ಅವಧಿ ಬಹಳ ಚಿಕ್ಕದು. ಯಂತ್ರ ಬಂದ ದಿನವೇ ಪೆಟ್ಟಿಗೆ ಬಿಚ್ಚಿ, ಹಬ್ಬದ ದಿನ ಬಿಚ್ಚೋಣ ಅಂತ ಎತ್ತಿಡಬೇಡಿ.